ಮಿದುಳಿಗೆ ಕಾಂತಶಕ್ತಿಯ ಚಿಕಿತ್ಸೆ: ನಾವು ಕೇಳಬೇಕಾದ ಪ್ರಶ್ನೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಇಂದು ಮಿದುಳಿನ ಒಂದು ಚಿಕಿತ್ಸೆಯ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಕನ್ನಡದಲ್ಲಿ ಪಾರ್ಶ್ವವಾಯು ಎನ್ನುವುದನ್ನು ಉರ್ದುವಿನಲ್ಲಿ ಫಾಲಿಜ್ ಎನ್ನುತ್ತೇವೆ, ಮನೆಮಾತಿನಲ್ಲಿ ಲಕ್ವಾ ಎನ್ನುತ್ತೇವೆ. ಹೆಸರು ಯಾವುದಾದರೂ ಅದು ದುಡಿಯುವ ಕೈಯನ್ನು ನಿಲ್ಲಿಸಿಬಿಡುತ್ತದೆ. ಆಗ ಮನೆಯವರು ಒಡವೆ ಅಡವಿಟ್ಟಾದರೂ ಸರಿ, ಯಾರು ಏನು ಹೇಳಿದರೂ ಮಾಡಿಸಲು ಸಿದ್ಧರಾಗುತ್ತಾರೆ. ಅಂಥ ಸಮಯದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುವುದೇ ನನ್ನ ಉದ್ದೇಶ.

ಮೊದಲು ಈ ಚಿಕಿತ್ಸೆ ಏನೆಂದು ನೋಡೋಣ. 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ, ಕಾಂತಕ್ಷೇತ್ರ ಬದಲಾದರೆ ಹತ್ತಿರದ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ತೋರಿಸಿದರು. ಅವರು ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಓದಿ ವಿಜ್ಞಾನಿಯಾದವರು. ನಿಮ್ಮ ಪಠ್ಯಪುಸ್ತಕದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಎಂದಿರುವುದು ಇದೇ. ಸುಮಾರು ನೂರೈವತ್ತು ವರ್ಷಗಳ ನಂತರ, 1985ರಲ್ಲಿ, ಶೆಫೀಲ್ಡ್ ನಗರದ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದೇ ತತ್ತ್ವವನ್ನು ಮನುಷ್ಯನ ಮಿದುಳಿಗೆ ಅನ್ವಯಿಸಿದರು. ತಲೆಯ ಮೇಲೆ ತಂತಿಯ ಸುರುಳಿ ಹಿಡಿದು, ಅದರಲ್ಲಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಭಾರೀ ವಿದ್ಯುತ್ ಹರಿಸಿದರೆ, ಹುಟ್ಟಿದ ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟಿ ಎರಡು ಮೂರು ಸೆಂಟಿಮೀಟರ್ ಆಳದ ನರಕೋಶಗಳನ್ನು ಪ್ರಚೋದಿಸುತ್ತದೆ. ಕೈಯನ್ನು ಆಳುವ ಭಾಗದ ಮೇಲೆ ಸುರುಳಿ ಇಟ್ಟರೆ ಕೈಬೆರಳು ತಾನಾಗಿ ಅಲುಗುತ್ತದೆ. ಶಸ್ತ್ರಚಿಕಿತ್ಸೆಯಿಲ್ಲ, ಪ್ರಜ್ಞೆ ತಪ್ಪಿಸಬೇಕಿಲ್ಲ. ಇದನ್ನು ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್, ಸಂಕ್ಷಿಪ್ತವಾಗಿ ಟಿ.ಎಂ.ಎಸ್. ಎನ್ನುತ್ತಾರೆ.

ಮಾರಾಟಕ್ಕೆ ಬರುವ ಕಾಂತದ ಬಳೆ, ಕಾಂತದ ಹಾಸಿಗೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಸುಮ್ಮನೆ ಕುಳಿತ ಕಾಂತ ನರದಲ್ಲಿ ಹೀಗೆ ವಿದ್ಯುತ್ ಹುಟ್ಟಿಸುವುದಿಲ್ಲ. ಕ್ಷೇತ್ರ ಕ್ಷಣಾರ್ಧದಲ್ಲಿ ಬದಲಾಗಬೇಕು.

ಬೆರಳು ಅಲುಗಿತು, ಸರಿ. ಆದರೆ ರೋಗ ವಾಸಿಯಾಗುತ್ತದೆಯೇ? ಇದು ಬೇರೆಯೇ ಪ್ರಶ್ನೆ. ರೋಗಿ ಕಾಲಕ್ರಮದಲ್ಲಿ ತಾನಾಗಿಯೇ ಸ್ವಲ್ಪ ಸುಧಾರಿಸಬಹುದು. ದೊಡ್ಡ ಯಂತ್ರ ನೋಡಿ ಹುಟ್ಟುವ ಭರವಸೆಯಿಂದಲೂ ಹಾಯೆನಿಸಬಹುದು. ಆದ್ದರಿಂದ ಸಂಶೋಧಕರು ಒಂದು ಹುಸಿ ಸುರುಳಿಯನ್ನೂ ಮಾಡಿಸುತ್ತಾರೆ. ನೋಟ ಅದೇ, ಟಕ್ ಟಕ್ ಶಬ್ದವೂ ಅದೇ, ಆದರೆ ಮಿದುಳಿಗೆ ಪ್ರಚೋದನೆ ತಲುಪದು. ಯಾರಿಗೆ ನಿಜವಾದದ್ದು, ಯಾರಿಗೆ ಹುಸಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ರೋಗಿಗೂ ತಿಳಿಸುವುದಿಲ್ಲ, ಫಲಿತಾಂಶ ಅಳೆಯುವವರಿಗೂ ತಿಳಿಸುವುದಿಲ್ಲ.

ಈಗ ಎರಡು ಪರೀಕ್ಷೆಗಳನ್ನು ಗಮನಿಸಿ. ಮೊದಲನೆಯದು ಔಷಧಿಗೆ ಬಗ್ಗದ ಖಿನ್ನತೆಯ ಕುರಿತದ್ದು, 2007ರಲ್ಲಿ ಪ್ರಕಟವಾಯಿತು. 23 ಕೇಂದ್ರಗಳಲ್ಲಿ 301 ರೋಗಿಗಳು. ಆರು ವಾರಗಳಲ್ಲಿ ನಿಜ ಸುರುಳಿಯವರಲ್ಲಿ ನೂರಕ್ಕೆ ಸುಮಾರು 24 ಮಂದಿ ಗಣನೀಯವಾಗಿ ಸುಧಾರಿಸಿದರು, ಹುಸಿ ಸುರುಳಿಯವರಲ್ಲಿ ಸುಮಾರು 12. ಮರುವರ್ಷ, 2008ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಖಿನ್ನತೆಗೆ ಈ ಚಿಕಿತ್ಸೆಯನ್ನು ಅನುಮತಿಸಿತು.

ಎರಡನೆಯದು ಪಾರ್ಶ್ವವಾಯುವಿನ ಕುರಿತದ್ದು, 2018ರಲ್ಲಿ ಪ್ರಕಟವಾಯಿತು. ಅಮೆರಿಕದ 12 ಕೇಂದ್ರಗಳಲ್ಲಿ ಕೈ ಸ್ವಾಧೀನ ತಪ್ಪಿದ 199 ರೋಗಿಗಳು. ಮಿದುಳಿನ ಆರೋಗ್ಯವಂತ ಅರ್ಧದ ಮೇಲೆ ನಿಧಾನಗತಿಯ ಪ್ರಚೋದನೆ, ಜೊತೆಗೆ ಎಲ್ಲರಿಗೂ ಕೈಯ ವ್ಯಾಯಾಮ. ಆರು ತಿಂಗಳ ನಂತರ ನಿಜ ಸುರುಳಿಯವರಲ್ಲಿ ನೂರಕ್ಕೆ 67 ಮಂದಿ ಸುಧಾರಿಸಿದ್ದರು.

67 ದೊಡ್ಡದೋ, 24 ದೊಡ್ಡದೋ? ಮಕ್ಕಳೂ ಹೇಳುತ್ತಾರೆ. ಆದರೆ ಆ ಎರಡನೇ ಪರೀಕ್ಷೆಯಲ್ಲಿ ಹುಸಿ ಸುರುಳಿಯವರೂ ನೂರಕ್ಕೆ 65 ಮಂದಿ ಸುಧಾರಿಸಿದ್ದರು! ಅಂದರೆ ಆ ವಿಧಾನದಿಂದ ವಿಶೇಷ ಲಾಭ ಕಾಣಲಿಲ್ಲ. ಯಾರಾದರೂ "ನೂರರಲ್ಲಿ 67 ಜನರು ಸುಧಾರಿಸಿದ್ದಾರೆ" ಎಂದಷ್ಟೇ ಬರೆದು ಕರಪತ್ರ ಹಂಚಿದರೆ ಅದರಲ್ಲಿ ಸುಳ್ಳಿಲ್ಲ, ಆದರೆ ನಾವು ಮೋಸಹೋಗುತ್ತೇವೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಇದು: "ಯಾವುದಕ್ಕೆ ಹೋಲಿಸಿ?" ಫಲ ಕಾಣಲಿಲ್ಲವೆಂದು ಪ್ರಾಮಾಣಿಕವಾಗಿ ಪ್ರಕಟಿಸಿದ ಆ ಸಂಶೋಧಕರೂ ನಮಗೆ ಉಪಕಾರ ಮಾಡಿದ್ದಾರೆ. ಬೇರೆ ವಿಧಾನಗಳ ಹುಡುಕಾಟ ಮುಂದುವರಿದಿದೆ.

ಈ ಪ್ರಶ್ನೆ ಹೊಸದಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ರಯ್ ಮತ್ತು ಬಗ್ದಾದ್ ನಗರಗಳಲ್ಲಿ ವೈದ್ಯರಾಗಿದ್ದ ಅಬೂಬಕ್ರ್ ಅಲ್-ರಾಝಿ ಮಿದುಳಿನ ಬಾವಿಗೆ, ಅಂದರೆ ಸಿರ್ಸಾಮ್ ಕಾಯಿಲೆಗೆ, ಒಂದು ಗುಂಪಿನ ರಕ್ತ ತೆಗೆದು, ಇನ್ನೊಂದು ಗುಂಪನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಟ್ಟು ಹೋಲಿಸಿದ್ದನ್ನು ಬರೆದಿದ್ದಾರೆ. ಅವರಿಗೆ ರಕ್ತ ತೆಗೆಯುವುದು ಒಳ್ಳೆಯದೆಂದು ಕಂಡಿತು. ಇಂದು ಆ ಕಾಯಿಲೆಗೆ ಅದನ್ನು ಯಾರೂ ಮಾಡುವುದಿಲ್ಲ. ಹೋಲಿಸಿದರೆ ಸಾಲದು, ಪಕ್ಷಪಾತವಿಲ್ಲದೆ ಹೋಲಿಸಬೇಕು ಎಂಬುದಕ್ಕೆ ಇದೇ ನಿದರ್ಶನ. ಪೂರ್ವಿಕರ ಹೆಸರು ಹೇಳಿ ಹೆಮ್ಮೆಪಡುವುದಕ್ಕಿಂತ ಅವರ ಪ್ರಶ್ನೆಯನ್ನು ಮುಂದುವರಿಸುವುದು ಮೇಲು.

ಇನ್ನು ಕೆಲವು ಉಪಯುಕ್ತ ಸಂಗತಿಗಳು. ಲಕ್ವಾ ಹೊಡೆದ ಲಕ್ಷಣ ಕಂಡ ಕೂಡಲೇ, ಅಂದರೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಬೇರೆಲ್ಲೂ ಸುತ್ತದೆ ದೊಡ್ಡ ಆಸ್ಪತ್ರೆಗೆ ಹೋಗಿ. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಟಿ.ಎಂ.ಎಸ್. ಬಗ್ಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಚಿಕಿತ್ಸೆ, ಸಂಶೋಧನೆ ನಡೆಯುತ್ತಿದೆ. ತಲೆಯೊಳಗೆ ಲೋಹದ ತುಣುಕು ಅಥವಾ ಕಿವಿಯ ಇಂಪ್ಲಾಂಟ್ ಇದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಹಿಂದೆ ಮೂರ್ಛೆರೋಗ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಸಂಶೋಧನೆಗೆ ಸೇರುವಂತೆ ಕೇಳಿದರೆ ಹೆದರಬೇಡಿ, ಹಾಗೆಂದು ಓದದೆ ಸಹಿಯನ್ನೂ ಹಾಕಬೇಡಿ. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಕೇಳುವುದು ನಿಮ್ಮ ಹಕ್ಕು. ನಡುವೆ ಬಿಟ್ಟುಬರುವುದೂ ನಿಮ್ಮ ಹಕ್ಕು. ನಮ್ಮ ದೇಶದಲ್ಲಿ 2007ರಿಂದ ಇಂಥ ಪರೀಕ್ಷೆಗಳ ಸಾರ್ವಜನಿಕ ನೋಂದಣಿ ಪುಸ್ತಕವಿದೆ. ಅದರಲ್ಲಿ ಹೆಸರಿದೆಯೇ ಎಂದು ವಿಚಾರಿಸಿ.

ಪ್ರಿಯ ವಿದ್ಯಾರ್ಥಿಗಳೇ, ಬಾರ್ಕರ್ ಅವರು ರೋಗಿಗಳಿಗೆ ಔಷಧಿ ಬರೆಯುವ ವೈದ್ಯರಾಗಿರಲಿಲ್ಲ, ವೈದ್ಯಕೀಯ ಭೌತವಿಜ್ಞಾನಿಯಾಗಿದ್ದರು. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲವೆಂದು ಕಣ್ಣೀರಿಡುವ ಮಕ್ಕಳು ಇದನ್ನು ನೆನಪಿಡಿ. ರೋಗಿಯ ಸೇವೆಗೆ ಭೌತವಿಜ್ಞಾನ, ಸಂಖ್ಯಾಶಾಸ್ತ್ರ, ಫಿಸಿಯೋಥೆರಪಿ, ನರ್ಸಿಂಗ್ ಎಲ್ಲವೂ ಬೇಕು. ಒಪ್ಪಿಗೆ ಪತ್ರವನ್ನು ಅಜ್ಜಿಗೆ ತಿಳಿಯುವ ಕನ್ನಡದಲ್ಲಿ, ಉರ್ದುವಿನಲ್ಲಿ ಬರೆಯಬಲ್ಲವರೂ ಬೇಕು. ಗಣಿತದ ತರಗತಿಯಲ್ಲಿ ಶೇಕಡಾವಾರು ಲೆಕ್ಕ ಮಾಡುವಾಗ ಆ 67 ಮತ್ತು 65 ಅನ್ನು ಒಮ್ಮೆ ನೆನೆಯಿರಿ.