ಜೌಗಿನ ನೀರು, ಮೀನಿನ ಲೆಕ್ಕ

ಕೊಕ್ಕರೆ ಬೆಳ್ಳೂರಿನ ಹುಣಿಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗೆ ಅಮೆರಿಕದಲ್ಲಿ ಒಂದು ದಾಯಾದಿ ಹಕ್ಕಿಯುಂಟು. ಅದೇ ಕುಲಕ್ಕೆ ಸೇರಿದ ಈ ‘ವುಡ್ ಸ್ಟಾರ್ಕ್’ ಫ್ಲಾರಿಡಾದ ಎವರ್‌ಗ್ಲೇಡ್ಸ್ ಎಂಬ ವಿಶಾಲ ಜೌಗಿನಲ್ಲಿ ಮರಿಮಾಡುತ್ತದೆ. ಅದು ಕಣ್ಣನ್ನು ನಂಬಿ ಬೇಟೆಯಾಡುವುದಿಲ್ಲ. ಕಲಕುನೀರಿನಲ್ಲಿ ಕೊಕ್ಕನ್ನು ಅರೆತೆರೆದು ನಡೆಯುತ್ತದೆ. ಮೀನು ತಗುಲಿದೊಡನೆ, ಸೆಕೆಂಡಿನ 40ರಲ್ಲಿ ಒಂದು ಪಾಲು ಕಾಲದಲ್ಲಿ, ಕೊಕ್ಕು ಮುಚ್ಚಿಕೊಳ್ಳುತ್ತದೆ. ಹೀಗೆ ತಡವಿ ತಿನ್ನುವ ಹಕ್ಕಿಗೆ ಮೀನು ಇದ್ದರಷ್ಟೇ ಸಾಲದು, ಒತ್ತಾಗಿ ಇರಬೇಕು.

ನೀರು ಹೆಚ್ಚಿದಷ್ಟೂ ಮೀನು, ಮೀನು ಹೆಚ್ಚಿದಷ್ಟೂ ಹಕ್ಕಿಗೆ ಸುಭಿಕ್ಷ ಎಂದೇ ನಾನು ಬಹುಕಾಲ ನಂಬಿದ್ದೆ. ಅದು ಅರ್ಧಸತ್ಯವೆಂದು ಮನದಟ್ಟಾದದ್ದು ‘ಆಲ್‌ಫಿಶ್’ ಎಂಬ ಗಣಿತದ ಮಾದರಿಯ ವಿಚಾರ ಓದಿದಾಗ. 2000ದಲ್ಲಿ ಪ್ರಕಟವಾದ ಈ ಮಾದರಿ ಜೌಗನ್ನು ಚದುರಂಗದ ಹಾಸಿನಂತೆ ಅರ್ಧ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸುತ್ತದೆ. ಐದು ದಿನಕ್ಕೊಮ್ಮೆ ಪ್ರತಿ ಚೌಕದ ನೀರಿನ ಆಳವನ್ನು ನೋಡಿ, ಅಲ್ಲಿನ ಚಿಕ್ಕ ಮೀನು, ದೊಡ್ಡ ಮೀನುಗಳ ಲೆಕ್ಕ ಹಾಕುತ್ತದೆ. ನೀರು ಹರಡಿದಾಗ ಮೀನೂ ಹರಡುತ್ತದೆ, ಮರಿಮಾಡುತ್ತದೆ. ನೀರಿಳಿದಾಗ ಪಕ್ಕದ ಆಳದ ಚೌಕಕ್ಕೋ, ಮೊಸಳೆಗಳು ತೋಡಿದ ಗುಂಡಿಗೋ ಸರಿಯುತ್ತದೆ, ಸರಿಯಲಾರದ್ದು ಸಾಯುತ್ತದೆ.

ಬಹುಕಾಲ ಒಣಗದ ಜೌಗು ಮೀನನ್ನು ಬೆಳೆಸುತ್ತದೆ ಎಂಬುದು ನಿಜ. ಆದರೆ ಮೆಲ್ಲಮೆಲ್ಲನೆ ಇಳಿಯುವ ನೀರೇ ಅದನ್ನು ಹಕ್ಕಿಯ ಕೊಕ್ಕಿಗೆ ಒದಗಿಸುವುದು. ಬೆಳೆಸುವುದು ಒಂದು ಕಾಲ, ಬಡಿಸುವುದು ಇನ್ನೊಂದು ಕಾಲ.

1948ರಲ್ಲಿ ಮಂಜೂರಾದ ಬೃಹತ್ ಯೋಜನೆಯ ಕಾಲುವೆಗಳು, ಏರಿಗಳು ಈ ಲಯವನ್ನು ಕೆಡಿಸಿದವು. ಹಿಂದೆ ನವೆಂಬರ್, ಡಿಸೆಂಬರಿನಲ್ಲಿ ಗೂಡಿಗೆ ಕೂರುತ್ತಿದ್ದ ಕೊಕ್ಕರೆ ಫೆಬ್ರವರಿ, ಮಾರ್ಚಿಗೆ ಸರಿಯಿತು. ಮರಿಗಳ ರೆಕ್ಕೆ ಬಲಿಯುವ ಮೊದಲೇ ಮಳೆ ಬಂದು ಮೀನು ಚದುರುತ್ತಿತ್ತು. ತಾಯಿತಂದೆಗಳು ಗೂಡನ್ನೇ ಬಿಟ್ಟು ಹೋಗುತ್ತಿದ್ದವು. 1984ರಲ್ಲಿ ಈ ಹಕ್ಕಿಯನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು.

2000ದಲ್ಲಿ ಅಮೆರಿಕದ ಶಾಸನಸಭೆ ಎವರ್‌ಗ್ಲೇಡ್ಸಿನ ಪುನರುದ್ಧಾರ ಯೋಜನೆಗೆ ಒಪ್ಪಿಗೆಯಿತ್ತಿತು. ತೂಬನ್ನು ಎಂದು ಎತ್ತಬೇಕು, ಎಷ್ಟು ಎತ್ತಬೇಕು? ಜೌಗಿನ ಮೇಲೆಯೇ ಪರೀಕ್ಷೆ ಮಾಡಹೊರಟರೆ ಒಂದೊಂದು ತಪ್ಪಿಗೂ ಒಂದು ವರ್ಷದ ಮರಿಗಳನ್ನು ತೆರಬೇಕು. ಮಾದರಿಯಲ್ಲಾದರೆ ತಪ್ಪುವುದಕ್ಕೆ ಅವಕಾಶವಿದೆ. ಅದು ಭವಿಷ್ಯವಾಣಿಯಲ್ಲ, ಎರಡೇ ಗುಂಪಿನ ಮೀನುಗಳನ್ನು ಬಲ್ಲ ಲೆಕ್ಕ ಜೌಗಿನ ಎಷ್ಟೋ ಬಾಳುಗಳನ್ನು ಕಾಣಲಾರದು. ಎರಡು ದಾರಿಗಳಲ್ಲಿ ಯಾವುದು ಮೇಲು ಎಂದು ತೂಗಿ ನೋಡಲು ಅದು ನೆರವಾಗುತ್ತದೆ, ಅಷ್ಟೆ.

ಆ ಅಷ್ಟೂ ದೊಡ್ಡದೇ. ನೀರನ್ನು ನಾವು ಅಡಿಗಳಲ್ಲಿ ಎಣಿಸುತ್ತೇವೆ. ಗೂಡಿನ ಮರಿಗೆ ಅದು ಇಳಿಯುವ ವೇಳೆಯೇ ಅನ್ನ.