ಸಿನಿಮಾದಂಥ ಜಾಹೀರಾತು, ಬಾಯಿಬಿಡದ ಬೇಡಿಕೆ

(ಬಸವನಗುಡಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ವರದಕ್ಷಿಣೆಯ ಬಗ್ಗೆ ಮಾತನಾಡಲು ಕರೆದರೆ ಈಕೆ ಜಾಹೀರಾತಿನ ವಿಷಯ ಎತ್ತುತ್ತಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಹೆಣ್ಣುಮಕ್ಕಳ ಮದುವೆಯ ಖರ್ಚಿನ ಪಟ್ಟಿಯನ್ನು ಇವತ್ತು ಬರೆಯುತ್ತಿರುವವರು ಯಾರು ಎಂದು ಹುಡುಕುತ್ತಾ ಹೋದರೆ, ಬೀಗರ ಮನೆಗಿಂತ ಮೊದಲು ನಮ್ಮ ಕೈಯಲ್ಲಿರುವ ಮೊಬೈಲ್ ಫೋನೇ ಸಿಗುತ್ತದೆ. ಅದಕ್ಕೇ ಈ ವಿಷಯ.

ಹಿಂದೆ ಒಡವೆ ಅಂಗಡಿಯವರು, ಸೀರೆ ಅಂಗಡಿಯವರು ಟಾಕೀಸಿನಲ್ಲಿ ಸ್ಲೈಡು ಹಾಕಿಸುತ್ತಿದ್ದರು. ಅಂಗಡಿಯ ಹೆಸರು, ಬೀದಿಯ ಹೆಸರು, ಜೊತೆಗೆ ಒಂದು ಚಿತ್ರ, ಅಷ್ಟೇ. ಈಗಿನವರು ಒಂದೆರಡು ನಿಮಿಷದ ಸಿನಿಮಾವನ್ನೇ ತೆಗೆಯುತ್ತಾರೆ. ಉಡುಪು, ಒಡವೆಗಳ ವ್ಯಾಪಾರದಲ್ಲಿ ಇವಕ್ಕೆ ಫ್ಯಾಷನ್ ಫಿಲಂ ಎಂಬ ಹೆಸರಿದೆ. ಇವುಗಳಲ್ಲಿ ಬೆಲೆ ಇರುವುದಿಲ್ಲ, ತೂಕ ಇರುವುದಿಲ್ಲ, ಕೊಳ್ಳಿ ಎಂದು ಯಾರೂ ಹೇಳುವುದೂ ಇಲ್ಲ. ಅಪ್ಪ ಮಗಳ ಕೊರಳು ನೋಡಿ ಕಣ್ಣೊರೆಸಿಕೊಳ್ಳುತ್ತಾನೆ. ಅಜ್ಜಿ ನಗುತ್ತಾಳೆ. ಹುಡುಗ ಬೆರಗಾಗಿ ನೋಡುತ್ತಾನೆ. ಕೊನೆಯಲ್ಲಿ ಒಂದು ಕ್ಷಣ ಕಂಪನಿಯ ಹೆಸರು ಬರುತ್ತದೆ. ನಮ್ಮ ಗಂಟಲು ಕಟ್ಟಿದ ಹೊತ್ತಿಗೆ ಸರಿಯಾಗಿ ಆ ಹೆಸರು ಕಣ್ಣಿಗೆ ಬೀಳುತ್ತದೆ.

ಇದು ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದವರು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಮೆಲನಿ ಗ್ರೀನ್ ಮತ್ತು ತಿಮೋತಿ ಬ್ರಾಕ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕಥೆಯೊಳಗೆ ಮುಳುಗಿದವರು ಅದರಲ್ಲಿನ ಹುಳುಕನ್ನು ಅಷ್ಟಾಗಿ ಹುಡುಕುವುದಿಲ್ಲ, ಕಥೆ ಹೇಳುವ ಮಾತನ್ನು ಬೇಗ ಒಪ್ಪಿಕೊಳ್ಳುತ್ತಾರೆ ಎಂದು ಅವರು ತೋರಿಸಿದರು. ಅದಕ್ಕೂ ಮೊದಲು, 1968ರಲ್ಲಿ, ರಾಬರ್ಟ್ ಝಾಯಾಂಕ್ ಎಂಬುವರು ಇನ್ನೊಂದು ಸಂಗತಿ ಹೇಳಿದ್ದರು: ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿದರೆ ಸಾಕು, ಅದು ನಮಗೆ ಇಷ್ಟವಾಗತೊಡಗುತ್ತದೆ. ಅಂಗಡಿಯವನು 'ಈ ಸರ ತುಂಬಾ ಚೆನ್ನಾಗಿದೆ ಅಮ್ಮ' ಎಂದರೆ ನಾವು ಚೌಕಾಸಿ ಮಾಡುತ್ತೇವೆ. ಅಪ್ಪನ ಕಣ್ಣೀರಿನ ಜೊತೆ ಯಾರಾದರೂ ಚೌಕಾಸಿ ಮಾಡುತ್ತಾರೆಯೇ?

ಮೂರನೆಯದು ಪರಿಚಿತ ಮುಖ. ಕಲ್ಯಾಣ್ ಜ್ಯುವೆಲರ್ಸ್ ಕೇರಳದ ಕಂಪನಿ. ಆದರೆ ಹಿಂದಿಯವರಿಗೆ ಅಮಿತಾಭ್ ಬಚ್ಚನ್, ತಮಿಳರಿಗೆ ಪ್ರಭು, ತೆಲುಗರಿಗೆ ನಾಗಾರ್ಜುನ, ನಮಗೆ ಶಿವರಾಜಕುಮಾರ್ ಎಂದು ಒಂದೊಂದು ನಾಡಿಗೆ ಒಂದೊಂದು ಮುಖವನ್ನು ಅದು ಆರಿಸಿಕೊಂಡಿತು. ರಾಜಕುಮಾರ್ ಕುಟುಂಬದ ಮೇಲೆ ನಮಗಿರುವ ಅಭಿಮಾನ ಸದ್ದಿಲ್ಲದೆ ಅಂಗಡಿಯ ಹೆಸರಿಗೂ ಅಂಟಿಕೊಳ್ಳುತ್ತದೆ. ನಮ್ಮ ಸರ್ಕಾರದ ಉದಾಹರಣೆಯನ್ನೇ ನೋಡಿ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರಕ್ಕೆ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ಗೊತ್ತುಮಾಡಲಾಯಿತು. ಕನ್ನಡದ ನಟಿ ಏಕಲ್ಲ ಎಂದು ದೊಡ್ಡ ಚರ್ಚೆ ನಡೆಯಿತು. ನನಗೆ ಎದ್ದ ಪ್ರಶ್ನೆ ಬೇರೆ. ನೂರು ವರ್ಷ ದಾಟಿದ, ಮನೆಮನೆಯಲ್ಲೂ ಗೊತ್ತಿರುವ ಸೋಪಿಗೆ ಒಂದು ಮುಖ ಸೇರಿಸಲು ಅಷ್ಟು ಹಣ ಏಕೆ ಕೊಡುತ್ತಾರೆ? ವಸ್ತು ಬದಲಾಗದಿದ್ದರೂ ಅದನ್ನು ನೋಡುವ ನಮ್ಮ ಕಣ್ಣು ಬದಲಾಗುತ್ತದೆ ಎಂದು ಅವರಿಗೆ ಗೊತ್ತು. ಅದಕ್ಕಾಗಿಯೇ ಕೊಡುತ್ತಾರೆ.

ಸೋಪಿನ ವಿಷಯದಲ್ಲಿ ಇದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಮದುವೆಯ ವಿಷಯ ಹಾಗಲ್ಲ. ಇಲ್ಲಿ ಜಾಹೀರಾತು ಹೊಸ ಸಂಪ್ರದಾಯವನ್ನೇ ಹುಟ್ಟಿಸಬಲ್ಲದು. ವಜ್ರದ ವ್ಯಾಪಾರ ಮಾಡುವ ಡಿ ಬಿಯರ್ಸ್ ಕಂಪನಿಗಾಗಿ 1947ರಲ್ಲಿ ಅಮೆರಿಕದ ಒಂದು ಜಾಹೀರಾತು ಸಂಸ್ಥೆ 'ವಜ್ರ ಎಂದೆಂದಿಗೂ' ಎಂಬ ಅರ್ಥದ ಘೋಷಣೆ ಬರೆಯಿತು. ಮುಂದೆ ಅದೇ ಕಂಪನಿ ಜಪಾನಿನಲ್ಲಿ ಪ್ರಚಾರ ಆರಂಭಿಸಿತು. ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಕೊಡುವ ಪದ್ಧತಿಯೇ ಆ ದೇಶದಲ್ಲಿ ಇರಲಿಲ್ಲ. 1967ರಲ್ಲಿ ನೂರಕ್ಕೆ 5 ಮದುಮಗಳಂದಿರ ಬಳಿಯೂ ಅಂಥ ಉಂಗುರವಿರಲಿಲ್ಲ. 1981ರ ಹೊತ್ತಿಗೆ ಸುಮಾರು 60 ಮಂದಿಯ ಬಳಿ ಇತ್ತು. ಹದಿನಾಲ್ಕೇ ವರ್ಷ!

ನಗಬೇಡಿ, ನಮ್ಮಲ್ಲೂ ಇದೇ ಆಗಿದೆ. ನಾನು ಚಿಕ್ಕವಳಿದ್ದಾಗ ಇದೇ ಬಸವನಗುಡಿಯ ಛತ್ರಗಳಲ್ಲಿ ಮದುವೆಯ ಹಿಂದಿನ ಸಂಜೆ ವರಪೂಜೆ ನಡೆಯುತ್ತಿತ್ತು. ಈಗ ಅದರ ಜೊತೆಗೆ ಮೆಹೆಂದಿ ಬಂದಿದೆ, ಸಂಗೀತ್ ಬಂದಿದೆ, ಅದಕ್ಕೊಂದು ಲೆಹೆಂಗಾ, ಅದಕ್ಕೆ ಹೊಂದುವ ಬೇರೆ ಒಡವೆ. ಇವು ನಮ್ಮ ಅಜ್ಜಿಯರ ಕಾಲದವಲ್ಲ, ಸಿನಿಮಾ ಮತ್ತು ಜಾಹೀರಾತಿನ ದಾರಿಯಲ್ಲಿ ಬಂದವು. ಆದರೆ 'ಎಲ್ಲರೂ ಮಾಡುತ್ತಾರೆ' ಎಂಬ ಮಾತು ಒಮ್ಮೆ ಹುಟ್ಟಿತೆಂದರೆ, ಮಾಡದ ಹೆಣ್ಣಿನ ಕಡೆಯವರು ಕೈ ಬಿಗಿ ಮಾಡಿದರು ಎಂದೇ ಲೆಕ್ಕ.

ಇನ್ನು ನಾನು ಹೇಳಬೇಕೆಂದು ಬಂದ ಮುಖ್ಯ ಮಾತು. ಈಗ ಓದಿದ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ವರದಕ್ಷಿಣೆ ಕೇಳುವುದಿಲ್ಲ. 'ನಮ್ಮದೇನೂ ಬೇಡಿಕೆಯಿಲ್ಲ, ಮದುವೆ ಚೆನ್ನಾಗಿ ಮಾಡಿಕೊಡಿ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಹಾಕಿ' ಎನ್ನುತ್ತಾರೆ. ಚೆನ್ನಾಗಿ ಎಂದರೆ ಎಷ್ಟು? ಆ ಅಳತೆಯನ್ನು ಜಾಹೀರಾತಿನ ಸಿನಿಮಾ ಕೊಡುತ್ತದೆ. ಚಾಮರಾಜಪೇಟೆಯ ಒಬ್ಬ ಸದಸ್ಯೆ ಮಗಳ ಮದುವೆಗೆ ಸಂಘದಿಂದ ಸಾಲ ಬೇಕೆಂದು ಕೇಳಿದಾಗ, ಏನೇನು ಖರ್ಚಿದೆ ಎಂದು ನಾನು ವಿಚಾರಿಸಿದೆ. ಆಕೆ ಫೋನು ತೆಗೆದು ಒಂದು ಒಡವೆ ಕಂಪನಿಯ ಫಿಲಂ ತೋರಿಸಿದರು. 'ಹುಡುಗನ ಅಕ್ಕ ಕಳಿಸಿದ್ದಾರೆ, ನಮ್ಮ ಹುಡುಗಿಗೂ ಹೀಗೇ ಒಪ್ಪುತ್ತೆ ಅಂತ ಬರೆದಿದ್ದಾರೆ. ಇಷ್ಟಾದರೂ ಹಾಕದೆ ಹೇಗಮ್ಮ ಕಳಿಸೋದು?' ಎಂದರು. ಆ ಮನೆಯವರು ಒಂದು ಗ್ರಾಂ ಚಿನ್ನವನ್ನೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳುವ ಕೆಲಸವನ್ನು ಆ ಫಿಲಮ್ಮೇ ಮಾಡಿತ್ತು.

ಗೆಳತಿಯರೇ, 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಒಂದು ಪದವಿದೆ, ಮನಸ್ಸಿನಲ್ಲಿಟ್ಟುಕೊಳ್ಳಿ: ನೇರವಾಗಿ ಅಥವಾ ಪರೋಕ್ಷವಾಗಿ. ಪರೋಕ್ಷವಾಗಿ ಕೇಳುವುದೂ 4ನೇ ಕಲಮಿನಂತೆ ಅಪರಾಧ. ಒಂದು ಫಿಲಂ ಕಳಿಸಿದ ಮಾತ್ರಕ್ಕೆ ಅಪರಾಧವಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಹಿಂದೆ ಮುಂದೆ ಬಂದ ಸಂದೇಶಗಳನ್ನು ಅಳಿಸಬೇಡಿ, ನಾಳೆ ಅವೇ ಸಾಕ್ಷಿಯಾಗಬಹುದು. 1986ರ ತಿದ್ದುಪಡಿಯಲ್ಲಿ 4ಎ ಎಂಬ ಕಲಮು ಸೇರಿತು. ಮಗನ ಅಥವಾ ಮಗಳ ಮದುವೆಗಾಗಿ ಹಣ, ಆಸ್ತಿಯಲ್ಲಿ ಪಾಲು ಕೊಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ಅದು ನಿಷೇಧಿಸುತ್ತದೆ. ಆದರೆ ಮೈತುಂಬ ಚಿನ್ನ ಹೊತ್ತ ಮದುಮಗಳನ್ನು ಅಪ್ಪನ ಪ್ರೀತಿಯ ಅಳತೆಗೋಲಾಗಿ ತೋರಿಸುವ ಚಿತ್ರ ಆ ಕಲಮಿನ ಕೈಗೆ ಸಿಗುವುದಿಲ್ಲ.

ಪಕ್ಕದ ಕೇರಳದಲ್ಲಿ 2021ರ ಜೂನ್‌ನಲ್ಲಿ ಆಯುರ್ವೇದ ವೈದ್ಯಕೀಯ ಓದುತ್ತಿದ್ದ ಎಳೆಯ ಹೆಣ್ಣುಮಗಳು ಗಂಡನ ಮನೆಯಲ್ಲಿ ಸತ್ತಳು. ಚಿನ್ನ, ಜಮೀನು, ಕಾರು ಎಲ್ಲವನ್ನೂ ತವರಿನವರು ಕೊಟ್ಟಿದ್ದರು. ಕೊಟ್ಟ ಕಾರು ತಾನು ಬಯಸಿದ್ದಲ್ಲ ಎಂಬುದೂ ಗಂಡನ ಹಿಂಸೆಗೆ ಒಂದು ಕಾರಣವಾಗಿತ್ತು. ಬ್ರ್ಯಾಂಡಿನ ಮೋಹ ಎಲ್ಲಿಗೆ ಮುಟ್ಟುತ್ತದೆ ನೋಡಿ: ಕಾರು ಕೊಟ್ಟರೂ ಸಾಲದು, ಅದು ಇಂಥದ್ದೇ ಆಗಿರಬೇಕು. 2022ರ ಮೇ ತಿಂಗಳಲ್ಲಿ ಕೊಲ್ಲಂನ ನ್ಯಾಯಾಲಯ ಅವನಿಗೆ 10 ವರ್ಷ ಶಿಕ್ಷೆ ವಿಧಿಸಿತು. ಆ ಸಾವಿನ ನಂತರ, 2021ರ ಆಗಸ್ಟ್‌ನಲ್ಲಿ, ಆಗ ರಾಜ್ಯಪಾಲರಾಗಿದ್ದ ಆರಿಫ್ ಮೊಹಮ್ಮದ್ ಖಾನ್, ಒಡವೆ ಜಾಹೀರಾತಿನಲ್ಲಿ ಮದುಮಗಳನ್ನು ತೋರಿಸಬೇಡಿ ಎಂದು ಅಂಗಡಿಯವರಲ್ಲಿ ಕೇಳಿಕೊಂಡರು. ಅದೇ ಕೇರಳದಲ್ಲಿ ಮಾತ್ರವಲ್ಲ, ದೇಶದ ತುಂಬ 2022ರ ಒಂದೇ ವರ್ಷದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಸರ್ಕಾರದ ಲೆಕ್ಕಕ್ಕೇ ಸಿಕ್ಕಿವೆ.

'ಎಲ್ಲಾ ಜಾಹೀರಾತೂ ಹಾಗಿರುತ್ತದೆಯೇ?' ಎಂದು ನೀವು ಕೇಳಬಹುದು. ಇಲ್ಲ. 2013ರಲ್ಲಿ ತನಿಷ್ಕ್ ಒಂದು ಚಿತ್ರ ಮಾಡಿತು. ಗೌರಿ ಶಿಂಧೆ ಅದರ ನಿರ್ದೇಶಕಿ. ಕೃಷ್ಣವರ್ಣದ, ಪುಟ್ಟ ಮಗಳಿರುವ ಹೆಣ್ಣು ಮರುಮದುವೆಯಾಗುತ್ತಾಳೆ. ಹುಡುಗ ಆ ಮಗುವನ್ನೂ ಎತ್ತಿಕೊಂಡು ಸಪ್ತಪದಿ ತುಳಿಯುತ್ತಾನೆ. ನನಗೂ ಅದು ಬಹಳ ಹಿಡಿಸಿತು. 2021ರಲ್ಲಿ ಉಡುಪಿನ ಕಂಪನಿಯೊಂದರ ಚಿತ್ರದಲ್ಲಿ ಆಲಿಯಾ ಭಟ್ ಮದುಮಗಳಾಗಿ, ಹೆಣ್ಣು ದಾನ ಕೊಡುವ ವಸ್ತುವೇ ಎಂದು ಕೇಳಿದರು. ನಾವು ಎಷ್ಟೋ ವರ್ಷದಿಂದ ಸಭೆಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಅದು. ಆದರೆ ಇಂಥ ಚಿತ್ರಗಳನ್ನು ಎರಡನೇ ಸಲ ನೋಡುವಾಗ ಒಂದು ಮಾತು ಗಮನಿಸಿ. ಕಥೆ ಬದಲಾಗಿದೆ, ಒಡವೆಯೂ ದುಬಾರಿ ಉಡುಪೂ ಇದ್ದಲ್ಲೇ ಇವೆ. 'ಈ ಕಂಪನಿ ಹೆಣ್ಣಿನ ಪರ' ಎಂಬ ಅಭಿಮಾನದಿಂದ ನಾವು ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತೇವೆ. ಆ ಅಭಿಮಾನವೇ ಅವರಿಗೆ ಬೇಕಾದ ಲಾಭ.

ಕಷ್ಟ ಬಂದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್, ಮುಸ್ಲಿಂ ಅತ್ತೆ ಹಿಂದೂ ಸೊಸೆಗೆ ಸೀಮಂತ ಮಾಡುವ ಚಿತ್ರ ಹೊರತಂದಿತು. ಬೈಗುಳ, ಬೆದರಿಕೆ ಶುರುವಾದೊಡನೆ, ತನ್ನ ಸಿಬ್ಬಂದಿಯ ಕ್ಷೇಮವನ್ನೂ ಕಾರಣವಾಗಿ ಹೇಳಿ, ಚಿತ್ರವನ್ನು ಹಿಂದಕ್ಕೆ ಪಡೆಯಿತು. ಅಂಗಡಿಯಲ್ಲಿ ದುಡಿಯುವ ಹುಡುಗಿಯರ ಸುರಕ್ಷೆ ಸಣ್ಣ ಮಾತಲ್ಲ. ಆದರೆ ಹೆಣ್ಣುಮಕ್ಕಳ ಬದುಕಿನ ಪ್ರಶ್ನೆಗಳನ್ನು ಯಾವ ಕಂಪನಿಯೂ ಕೊನೆಯವರೆಗೆ ಹೊರಲಾರದು. ಅದು ನಮ್ಮ ಕೆಲಸ.

ಈಗ ಸ್ವಲ್ಪ ಲೆಕ್ಕ ಮಾಡೋಣ, ಲೆಕ್ಕ ಸಂಘದವರಿಗೆ ಹೊಸದಲ್ಲ. ಸುಲಭವಾಗಲೆಂದು ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಫಿಲಮ್ಮಿನಲ್ಲಿ ನೋಡಿದ 40 ಗ್ರಾಂ ಸರಕ್ಕೆ ಚಿನ್ನದ ಬೆಲೆ 4,00,000. ಮಜೂರಿ, ವೇಸ್ಟೇಜು ಸೇರಿ ನೂರಕ್ಕೆ 15 ಎಂದರೆ 60,000. ಒಟ್ಟಿನ ಮೇಲೆ ನೂರಕ್ಕೆ 3 ಜಿ.ಎಸ್.ಟಿ. 13,800. ಕೊಟ್ಟದ್ದು 4,73,800. ಮಾರನೆಯ ದಿನ ಅದೇ ಸರವನ್ನು ಅಡವಿಡಲು ಹೋದರೆ ಬ್ಯಾಂಕಿನವರು ಚಿನ್ನದ ತೂಕ, ಶುದ್ಧತೆ ಮಾತ್ರ ನೋಡುತ್ತಾರೆ. 73,800 ರೂಪಾಯಿ ಮೊದಲ ದಿನವೇ ಹೋಯಿತು. ಇನ್ನು ಫಿಲಮ್ಮಿನ ಖರ್ಚು, ತಾರೆಯ ಸಂಭಾವನೆ, ಷೋರೂಮಿನ ದೀಪ ಇವೆಲ್ಲ ನಾವು ಕೊಟ್ಟ ದುಡ್ಡಿನಿಂದಲೇ ನಡೆಯಬೇಕು, ಬೇರೆ ಎಲ್ಲಿಂದಲೂ ಬರುವುದಿಲ್ಲ.

ಹೆಸರಿನ ಮೇಲಿನ ನಂಬಿಕೆಗೆ ಬದಲು ಪರೀಕ್ಷೆ ಮಾಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ಬಿ.ಐ.ಎಸ್. ಕೇರ್ ಎಂಬ ಆ್ಯಪ್‌ನಲ್ಲಿ ಅದನ್ನು ಹಾಕಿ ನೀವೇ ನೋಡಬಹುದು. ದೊಡ್ಡ ಅಂಗಡಿಯ ಚಿನ್ನಕ್ಕೂ ಗಾಂಧಿಬಜಾರಿನ ಸಣ್ಣ ಅಂಗಡಿಯ ಚಿನ್ನಕ್ಕೂ ಅಳತೆಗೋಲು ಅದೇ. ಮೋಸದ ಜಾಹೀರಾತು, ಮೋಸದ ಬಿಲ್ಲು ಕಂಡರೆ 1915ಕ್ಕೆ ಫೋನು ಮಾಡಿ.

ಕೊನೆಯದಾಗಿ, ನಮ್ಮ ಸಂಘಗಳಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ವಾರದ ಸಭೆಯಲ್ಲಿ ಇಂಥ ಒಂದು ಫಿಲಮ್ಮನ್ನು ಒಟ್ಟಿಗೆ ನೋಡಿ. ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ಧ್ವನಿ ನಿಲ್ಲಿಸಿ ನೋಡಿ, ಒಡವೆ ಎಷ್ಟಿದೆ ಎಣಿಸಿ. ಈ ದುಡ್ಡು ಕೊಟ್ಟವರು ಯಾರು, ಕಥೆಯಲ್ಲಿ ಅವರ ಸಾಲ ಏಕೆ ಕಾಣುವುದಿಲ್ಲ ಎಂದು ಕೇಳಿ. ಮದುವೆಗೆ ಬಂದಿರುವ ಹೆಣ್ಣುಮಕ್ಕಳನ್ನೂ, ಮುಖ್ಯವಾಗಿ ಗಂಡುಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ಎರಡು, ಮದುವೆ ಸಾಲದ ಅರ್ಜಿ ಬಂದಾಗ ಒಡವೆಯ ಪಟ್ಟಿ ಎಲ್ಲಿಂದ ಬಂತು ಎಂದು ಪ್ರೀತಿಯಿಂದಲೇ ವಿಚಾರಿಸಿ. ಅದೇ ಹಣ ಹುಡುಗಿಯ ಹೆಸರಿನ ಠೇವಣಿಗೋ, ಓದಿಗೋ, ಹೊಲಿಗೆ ಯಂತ್ರಕ್ಕೋ ಆದರೆ ಹೇಗೆ ಎಂದು ಲೆಕ್ಕ ಹಾಕಿ ತೋರಿಸಿ.

ಮೂರು, ಏನೇ ಕೊಟ್ಟರೂ ಪಟ್ಟಿ ಬರೆಯಿರಿ. 1985ರ ನಿಯಮದಂತೆ ಉಡುಗೊರೆಯ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಬರೆದು ಹೆಣ್ಣು-ಗಂಡು ಇಬ್ಬರೂ ಸಹಿ ಹಾಕಬೇಕು. ಅದು ಸ್ತ್ರೀಧನ, ಅತ್ತೆಯ ಬೀರುವಿನಲ್ಲಿದ್ದರೂ ಅವಳದೇ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಅದನ್ನು ವಾಪಸು ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ.

ನಾಲ್ಕು, ಕಿರುಕುಳ ಶುರುವಾದರೆ ಕಾಯಬೇಡಿ. ಹಿಂದೆ 498ಎ ಎನ್ನುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಹೆಸರು ಬದಲಾದರೂ ರಕ್ಷಣೆ ಇದೆ. ಮಹಿಳಾ ಸಹಾಯವಾಣಿ 181. ವರದಕ್ಷಿಣೆ ಕೊಟ್ಟಿದ್ದೇವಲ್ಲ, ನಮ್ಮ ಮೇಲೇ ಕೇಸಾಗುತ್ತದೇನೋ ಎಂದು ತಾಯಂದಿರು ಹೆದರುತ್ತಾರೆ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಶಿಕ್ಷಿಸುವಂತಿಲ್ಲ ಎಂದು ಕಾಯಿದೆಯ 7ನೇ ಕಲಮು ಹೇಳುತ್ತದೆ.

ಫಿಲಂ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಚೆಂದದ್ದನ್ನು ನೋಡಿ ಸಂತೋಷಪಡುವ ಹಕ್ಕು ನಮಗೂ ಇದೆ, ಒಂದು ಎಳೆ ಚಿನ್ನ ಹಾಕಿಕೊಳ್ಳುವ ಆಸೆಯೂ ತಪ್ಪಲ್ಲ. ಆದರೆ ಮಗಳ ಮೇಲಿನ ಪ್ರೀತಿಯನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಅಧಿಕಾರವನ್ನು ಅಂಗಡಿಗೂ ಕೊಡಬೇಡಿ, ಬೀಗರಿಗೂ ಕೊಡಬೇಡಿ. ಮುಂದಿನ ವಾರ ನಿಮ್ಮ ಸಂಘದಲ್ಲಿ ಒಂದು ಫಿಲಂ ನೋಡಿ ಚರ್ಚಿಸಿ, ಏನು ಮಾತು ಬಂತು ಎಂಬುದನ್ನು ನಮಗೂ ತಿಳಿಸಿ.