ಒಂದು ಬಾಹುವಿನಿಂದ ಇಡೀ ವೃತ್ತ



ಕೇಂದ್ರ ಎಲ್ಲಿದೆಯೆಂದು ಗುರುತಿಲ್ಲದ ಒಂದು ವೃತ್ತ. ಅದರೊಳಗೆ ಒಂದು ಸಮಬಾಹು ತ್ರಿಭುಜ. ಅದರ ಮೂರು ಶೃಂಗಗಳೂ ವೃತ್ತವನ್ನು ಮುಟ್ಟಿವೆ. ನಮಗೆ ಗೊತ್ತಿರುವುದು ತ್ರಿಭುಜದ ಬಾಹು 12 ಸೆಂಟಿಮೀಟರ್ ಎಂಬುದಷ್ಟೇ. ಇಷ್ಟರಿಂದಲೇ ವೃತ್ತದ ತ್ರಿಜ್ಯವನ್ನು ಹೇಳಬಹುದೇ? ಹೇಳಬಹುದು. ಕಾಗದ, ಪೆನ್ಸಿಲ್ ಹತ್ತಿರವಿದ್ದರೆ ಚಿತ್ರ ಬರೆಯುತ್ತ ಬನ್ನಿ.

ತ್ರಿಭುಜದ ತಳದ ಎರಡು ತುದಿಗಳನ್ನು ಬಿ ಮತ್ತು ಸಿ ಎನ್ನೋಣ, ವೃತ್ತಕೇಂದ್ರವನ್ನು ಓ ಎನ್ನೋಣ. ಓ ಇಂದ ಬಿ ವರೆಗೆ ಗೆರೆ ಎಳೆಯಿರಿ. ನಾವು ಹುಡುಕುತ್ತಿರುವ ತ್ರಿಜ್ಯ ಅದೇ. ಸಮಬಾಹು ತ್ರಿಭುಜದ ಪ್ರತಿ ಕೋನವೂ 60 ಡಿಗ್ರಿ. ಈ ಗೆರೆ ಬಿಯಲ್ಲಿರುವ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಈಗ ಓ ಇಂದ ತಳಕ್ಕೆ ಲಂಬ ಇಳಿಸಿ. ತಳವೂ ಆರು, ಆರು ಸೆಂಟಿಮೀಟರಾಗಿ ಸಮನಾಗಿ ಒಡೆಯುತ್ತದೆ. ಹೀಗೆ ಒಂದು ಪುಟ್ಟ ಲಂಬಕೋನ ತ್ರಿಭುಜ ಹುಟ್ಟಿತು. ಅದರ ಒಂದು ಬಾಹು 6, ಅದಕ್ಕೆ ಹೊಂದಿದ ಕೋನ 30 ಡಿಗ್ರಿ, ವಿಕರ್ಣವೇ ನಮ್ಮ ತ್ರಿಜ್ಯ.

30 ಡಿಗ್ರಿಯ ಕೊಸೈನ್ ಸುಮಾರು 0.866. ಆರನ್ನು ಅದರಿಂದ ಭಾಗಿಸಿದರೆ ತ್ರಿಜ್ಯ ಸುಮಾರು 6.93 ಸೆಂಟಿಮೀಟರ್. ಈ 0.866 ಮೂರರ ವರ್ಗಮೂಲದ ಅರ್ಧ. ಹಾಗಾಗಿ ಬಾಹು ಎಷ್ಟೇ ಇರಲಿ, ಅದನ್ನು ಮೂರರ ವರ್ಗಮೂಲದಿಂದ, ಅಂದರೆ ಸುಮಾರು 1.732ರಿಂದ, ಭಾಗಿಸಿದರೆ ಸಾಕು.

ತ್ರಿಕೋನಮಿತಿ ಇನ್ನೂ ಕಲಿಯದ ಮಕ್ಕಳಿಗೂ ದಾರಿಯಿದೆ. 30 ಡಿಗ್ರಿಗೆ ಎದುರಿನ ಬಾಹು ವಿಕರ್ಣದ ಅರ್ಧ. ಹಾಗಾಗಿ ನಾವು ಇಳಿಸಿದ ಲಂಬ ತ್ರಿಜ್ಯದ ಅರ್ಧ. ಪೈಥಾಗೊರಸ್ ಪ್ರಮೇಯ ಹಚ್ಚಿದರೆ ತ್ರಿಜ್ಯದ ವರ್ಗ 48 ಎಂದು ಬರುತ್ತದೆ. ಉತ್ತರ ಮತ್ತೆ 6.93. ಆ ಲಂಬವೇ ತ್ರಿಭುಜದೊಳಗೆ ಬಾಹುಗಳನ್ನು ತಾಗಿ ಕೂರುವ ಅಂತರ್ವೃತ್ತದ ತ್ರಿಜ್ಯ. ಅಂದರೆ ಹೊರವೃತ್ತದ ತ್ರಿಜ್ಯ ಒಳವೃತ್ತದ ತ್ರಿಜ್ಯದ ಸರಿಯಾಗಿ ಎರಡು ಪಟ್ಟು.

ಭಾಸ್ಕರಾಚಾರ್ಯರು 1150ರ ಸುಮಾರಿಗೆ ರಚಿಸಿದ 'ಲೀಲಾವತಿ'ಯಲ್ಲಿ ಬಾಹುವಿಗೂ ಹೊರವೃತ್ತಕ್ಕೂ ಇರುವ ಈ ಸಂಬಂಧ ಆಗಲೇ ಇದೆ. ವೃತ್ತದ ವ್ಯಾಸ 1,20,000 ಆದರೆ ಒಳಗಿನ ಸಮಬಾಹು ತ್ರಿಭುಜದ ಬಾಹು 1,03,923 ಎನ್ನುತ್ತದೆ ಅಲ್ಲಿನ ಲೆಕ್ಕ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ: ಅದೇ 0.866!

ಸೂತ್ರವನ್ನು ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮೇಲೆ ಮರೆಯಬಹುದು. ಕೇಂದ್ರದಿಂದ ಒಂದು ಲಂಬ ಇಳಿಸಲು ಕಲಿತವರಿಗೆ ಮರೆತ ಸೂತ್ರ ಬೇಕೆಂದಾಗ ಮತ್ತೆ ಸಿಗುತ್ತದೆ. ನಿಮ್ಮ ಮನೆಯ ಮಕ್ಕಳಿಗೆ ಮೊದಲು ಚಿತ್ರ ಬರೆಸಿ, ಸೂತ್ರವನ್ನು ಅವರೇ ಕಂಡುಕೊಳ್ಳಲಿ.